ಮೂರನೆಯ ಕೇಳುಗ

ಪುಟದ ಕೆಳಗೆ, ಸಣ್ಣ ಅಕ್ಷರಗಳಲ್ಲಿ, "ಕೇಳಿದವರು: ೩" ಎಂದಿತ್ತು. ಅದು ಎರಡು ಇರಬೇಕಿತ್ತು.

ಭಾರತಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಮತ್ತೊಮ್ಮೆ ನೋಡಿದಳು. ಪುಟವನ್ನು ಮುಚ್ಚಿ ತೆರೆದಳು. ಅಂಕೆ ಅಲ್ಲಾಡಲಿಲ್ಲ.

"ನೀ ಮೊಬೈಲಲ್ಲೂ ಕೇಳಿದ್ಯಾ?" ಎಂದ ರೋಷನ.

"ಇಲ್ಲ. ಲ್ಯಾಪ್‌ಟಾಪಿನಲ್ಲಿ ಮಾತ್ರ. ನೀನು?"

"ಇದೇ ಕಂಪ್ಯೂಟರಲ್ಲಿ. ಒಂದು ಯಂತ್ರಕ್ಕೆ ಒಂದೇ ಲೆಕ್ಕ ಅದು. ನೂರು ಸಲ ಕೇಳು, ಒಂದೇ." ಅವನು ನರೆತ ಗಡ್ಡವನ್ನು ಕೆರೆದುಕೊಂಡ. "ಇದು ಬೇರೆ ಯಾರದೋ ಯಂತ್ರ, ಬಾಯ್."

ಕೊಂಕಣಿಯಲ್ಲಿ ತಂಗಿಯನ್ನು ಕರೆಯುವ ಆ ಮಾತನ್ನು ರೋಷನ ತಮಾಷೆಯ ಹೊತ್ತಿನಲ್ಲಿ ಬಳಸುತ್ತಿದ್ದ. ಈಗ ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

ಕಾರವಾರದ ಮೀನುಪೇಟೆಯ ಹಿಂದಿನ ಓಣಿಯಲ್ಲಿ, ಅವನ ಕಂಪ್ಯೂಟರ್ ರಿಪೇರಿ ಅಂಗಡಿಯ ಮಾಳಿಗೆಯಲ್ಲಿ ಇಬ್ಬರೂ ಕುಳಿತಿದ್ದರು. ಮಧ್ಯಾಹ್ನದ ಬಿಸಿಲಿಗೆ ತಗಡಿನ ಮಾಡು ಚಟಗುಟ್ಟುತ್ತಿತ್ತು. ಪಂಚಾಯತಿ ಸದಸ್ಯ ರಾಮನಾಥ ಗಂಗಾವಳಿಯ ಅಳಿವೆಯಲ್ಲಿ ಹೆಣವಾಗಿ ತೇಲಿದಾಗ ಕಾಲು ಜಾರಿ ಬಿದ್ದನೆಂದು ಊರೆಲ್ಲ ನಂಬಿತ್ತು. ಅಲ್ಲ, ಯಾರೋ ನೂಕಿದರು ಎಂದು ವಾರವಾರವೂ ಹೇಳುತ್ತ ಬಂದದ್ದು ಇವರಿಬ್ಬರ 'ಅಳಿವೆಯ ಮಾತು' ಪಾಡ್‌ಕಾಸ್ಟ್ ಒಂದೇ.

ಈಗ ಪರದೆಯ ಮೇಲಿದ್ದದ್ದು ಮುಂದಿನ ಕಂತು. ಅದು ಇನ್ನೂ ಬಿಡುಗಡೆಯಾಗಿರಲಿಲ್ಲ.

ಅದರಲ್ಲಿ ಮಾತಾಡಿದವಳು ಮಂಜಗುಣಿಯ ನಾಗಿ. ರಾಮನಾಥನನ್ನು ನೀರಿಗೆ ನೂಕಿದ ಕೈಯನ್ನು ಕಣ್ಣಾರೆ ಕಂಡವಳು. ಅವಳ ಹೆಸರನ್ನು ಹೋಗಲಿ, ಸಾಕ್ಷಿ ಹೆಣ್ಣೋ ಗಂಡೋ ಎಂಬುದನ್ನು ಕೂಡ ಭಾರತಿ ರೋಷನನಿಗಲ್ಲದೆ ಮತ್ತಾರಿಗೂ ತಿಳಿಸಿರಲಿಲ್ಲ. ಧ್ವನಿಯನ್ನು ಗುರುತು ಸಿಗದಂತೆ ಬದಲಿಸಿಯೇ ಜನರ ಮುಂದಿಡುತ್ತೇನೆಂದು ನಾಗಿಯ ಕೈ ಮುಟ್ಟಿ ಹೇಳಿ ಬಂದಿದ್ದಳು.

"ಇದು ಧ್ವನಿ ಬದಲಿಸಿದ್ದಾ, ರೋಷನ?"

ಅವನು ತಡೆದು ಹೇಳಿದ. "ಅಲ್ಲ. ಹಸೀದು."

"ಹಸೀದು ವೆಬ್‌ಸೈಟಿಗೆ ಹೇಗೆ ಬಂತು?"

"ನಿನ್ನ ಫೋನಿಂದಲೇ. ಅಳಿವೆ ಬದಿಗೆ ಓಡಾಡ್ತೆ, ಫೋನು ನೀರಿಗೆ ಬಿದ್ರೆ ಎಲ್ಲಾ ಹೋಯ್ತು ಅಂತ ನೀನೇ ಹೇಳಿದ್ದಲ್ಲ? ರೆಕಾರ್ಡ್ ಒತ್ತಿದ ಕೂಡ್ಲೆ ಮಾತು ತುಂಡು ತುಂಡಾಗಿ ಇಲ್ಲಿಗೆ ಏರ್ತಾ ಹೋಗ್ತದೆ. ಕರಡು ಅಂತ ಕೂತಿರ್ತದೆ. ಮುಖಪುಟದಲ್ಲಿ ಯಾರಿಗೂ ಕಾಣೂದಿಲ್ಲ."

"ಈಗ ಕಂಡಿದೆಯಲ್ಲ."

ರೋಷನ ಪರದೆಯ ನೆತ್ತಿಯ ಮೇಲಿನ ವಿಳಾಸದ ಕಡೆಗೆ ಬೆರಳು ಮಾಡಿದ. "ಹೋದ ವಾರದ ಕಂತಿನ ವಿಳಾಸ ನೋಡು. ಕೊನೆಗೆ ನಲವತ್ತೊಂದು ಅಂತ ಅದೆ. ಅದನ್ನ ಅಳಿಸಿ ನಲವತ್ತೆರಡು ಅಂತ ಬರೆದ್ರೆ ಸಾಕು. ತೆರೀತದೆ."

"ಬೀಗ ಇಲ್ಲವಾ?"

"ಹಾಕಿರ್ಲಿಲ್ಲ." ಅವನು ಅವಳ ಮುಖ ನೋಡಲಿಲ್ಲ. "ಹಿತ್ತಲ ಬಾಗ್ಲಿಗೆ ಯಾರು ಬರ್ತಾರೆ ಅಂದ್ಕಂಡೆ."

ಬಂದವನು ಯಾರೋ, ಎಲ್ಲಿಯವನೋ. ಆದರೆ ಅವನು ನಾಗಿಯ ಧ್ವನಿಯನ್ನು ಇದ್ದದ್ದು ಇದ್ದಂತೆ ಕೇಳಿಸಿಕೊಂಡಿದ್ದಾನೆ. ಮಂಜಗುಣಿಯ ದಂಡೆಯಲ್ಲಿ ಆ ಒಡಕು ದನಿಯನ್ನು ಗುರುತಿಸದವರು ಯಾರೂ ಇರಲಿಲ್ಲ.

"ಇನ್ನೊಂದು ಅದೆ," ಎಂದ ರೋಷನ. "ಈ ಗೆರೆ ನೋಡು."

ಧ್ವನಿ ಓಡುವ ಪಟ್ಟಿಯ ಮೇಲೆ ತೆಳುವಾದ ಬೂದು ಗೆರೆಯೊಂದಿತ್ತು. ಕೇಳುಗರು ಹಿಂದೆ ಹೋಗಿ ಮತ್ತೆ ಮತ್ತೆ ಕೇಳಿದ ಜಾಗದಲ್ಲಿ ಅದು ಗುಡ್ಡದಂತೆ ಏಳುತ್ತಿತ್ತು. ಯಾವ ಮಾತಿಗೆ ಜನ ಎರಡು ಸಲ ನಕ್ಕರು ಎಂದು ನೋಡಿ ಖುಷಿಪಡಲು ಅವರಿಬ್ಬರೂ ಅದನ್ನು ಇಟ್ಟುಕೊಂಡಿದ್ದರು. ಈ ಕಂತಿನಲ್ಲಿ ಗೆರೆ ಉದ್ದಕ್ಕೂ ಚಪ್ಪಟೆಯಾಗಿ ಮಲಗಿತ್ತು. ಒಂದೇ ಒಂದು ಕಡೆ ನೆಟ್ಟಗೆ ಎದ್ದು ನಿಂತಿತ್ತು.

"ನೂಕಿದ್ದನ್ನು ಹೇಳುವ ಜಾಗವೇ ಇರಬೇಕು," ಎಂದಳು ಭಾರತಿ.

"ನಾನೂ ಹಾಗೇ ಅಂದ್ಕಂಡೆ. ಕೇಳು."

ಅವನು ಗುಡ್ಡದ ಬುಡಕ್ಕೆ ಒತ್ತಿದ. ಮೊದಲು ಬಂದದ್ದು ಭಾರತಿಯದೇ ಧ್ವನಿ.

"ಯಾರವರು ನಾಗಕ್ಕ? ಹೆಸರು ಹೇಳಿ."

ಬಳೆಗಳ ಸದ್ದು. ಬಳಿಕ ಸೆರಗಿನ ಹಿಂದೆ ಅಡಗಿಸಿದಂಥ ಒಂದು ಸಣ್ಣ ನಗು.

"ಆ ಹೆಸ್ರು ನನ್ನ ಬಾಯಲ್ಲಿ ಬರೂದಲ್ಲ ತಂಗಿ."

"ಬೇಡ ಬಿಡಿ. ಹೆದರಿಕೆ ಇದ್ದರೆ ಹೇಳಬೇಡಿ. ಮರಳಿನ ದೋಣಿ ಇತ್ತಾ ಅಲ್ಲಿ?"

"ದೋಣಿ ಇತ್ತು..."

"ಅಷ್ಟು ಸಾಕು."

ಗುಡ್ಡ ಅಲ್ಲಿಗೆ ಇಳಿಯಿತು.

ಆ ನಗುವನ್ನು ಭಾರತಿ ಮರೆತೇಬಿಟ್ಟಿದ್ದಳು. ಕಂತನ್ನು ತಿದ್ದುವಾಗ ಅವಳು ಮೊದಲು ಕತ್ತರಿಸಿ ತೆಗೆದದ್ದೇ ಅದನ್ನು. ಸಾವಿನ ಮಾತಿನ ನಡುವೆ ನಗು ಕೇಳಿಸಿದರೆ ಯಾರು ನಂಬುತ್ತಾರೆ?

"ಕೊಂದದ್ದನ್ನ ಬಿಟ್ಟು, ಹೇಳದೇ ಇದ್ದದ್ದನ್ನ ಎಂತಕ್ಕೆ ಇಷ್ಟು ಸಲ ಕೇಳೂದು?" ಎಂದ ರೋಷನ.

"ತನ್ನ ಹೆಸರು ಬಂತೋ ಇಲ್ಲವೋ ಎಂದು ನೋಡಲು." ಅವಳು ಎದ್ದು ನಿಂತಳು. "ಪ್ರದೀಪ."

ಕೇಣಿಯ ಪ್ರದೀಪ. ಅಳಿವೆಯ ಮರಳು ತೆಗೆಯುವ ಗುತ್ತಿಗೆದಾರ. ಅವನ ಮೇಲೆ ಅರ್ಜಿಯ ಮೇಲೆ ಅರ್ಜಿ ಹಾಕಿದವನು ರಾಮನಾಥ.

"ಪುಟ ತೆಗೆದುಹಾಕು," ಎಂದಳು.

"ತೆಗಿತೆ. ಕೇಳಿದ ಕಿವಿಯಿಂದ ತೆಗೆಯೂಕೆ ಬರೂದಿಲ್ಲ."

"ಈ ಯಂತ್ರದ ಮುಂದಿನಿಂದ ಏಳಬೇಡ."

ನಾಗಿಯ ಬಳಿ ಫೋನಿರಲಿಲ್ಲ. ಸೊಸೆ ಹೊನ್ನುವಿನ ಫೋನು ಬಂದ್ ಆಗಿತ್ತು. ಭಾರತಿ ಮಾಳಿಗೆಯ ಮೆಟ್ಟಿಲನ್ನು ಇಳಿದಳೋ ಹಾರಿದಳೋ ಅವಳಿಗೇ ತಿಳಿಯಲಿಲ್ಲ.

* * *

ಹೆದ್ದಾರಿಯಲ್ಲಿ ಆಮದಳ್ಳಿ ದಾಟಿದ ಮೇಲೆ ಸ್ಕೂಟರನ್ನು ಒಂದು ಗಾಳಿಮರದ ನೆರಳಿಗೆ ಎಳೆದು, ವಕೀಲರಿಗೆ ಫೋನ್ ಮಾಡಿದಳು.

ಕಾರವಾರದಲ್ಲಿ ಅವರನ್ನು ಎಲ್ಲರೂ ಎಂ.ಜಿ. ಎಂದೇ ಕರೆಯುತ್ತಿದ್ದರು. ವೆಬ್‌ಸೈಟಿನ ಪ್ರತಿ ಪುಟದ ಬುಡದಲ್ಲಿ ಅವರ ಹೆಸರಿತ್ತು: "ಕಾನೂನು ಸಲಹೆ: ಎಂ. ಜಿ. ನಾಯಕ". ಪ್ರತಿ ಕಂತನ್ನೂ ತಿದ್ದಿದ ಮೇಲೆ ಅವರಿಗೆ ಕಳಿಸುವುದು, ಮಾನಹಾನಿಯ ದಾವೆಗೆ ದಾರಿಯಾಗುವ ಮಾತನ್ನು ಅವರು ತೆಗೆಸುವುದು ಪದ್ಧತಿ. ಬದುಕಿದ್ದಾಗ ರಾಮನಾಥನ ಅರ್ಜಿಗಳನ್ನು ಬರೆದುಕೊಟ್ಟವರೂ ಅವರೇ. ಈ ಕಂತನ್ನು ಭಾರತಿ ಅವರಿಗಿನ್ನೂ ಕಳಿಸಿರಲಿಲ್ಲ.

"ಸರ್, ಮುಂದಿನ ಕಂತು ಸೋರಿದೆ. ಸಾಕ್ಷಿಯ ಹಸಿ ಧ್ವನಿ ಯಾರೋ ಕೇಳಿದ್ದಾರೆ. ಪ್ರದೀಪನೇ ಇರಬೇಕು. ನಾನೀಗ ಮಂಜಗುಣಿಗೆ ಓಡಬೇಕು."

"ಸಮಾಧಾನ, ಭಾರತಿ." ಅವರ ಧ್ವನಿ ಎಂದಿನಂತೆ ತಣ್ಣಗಿತ್ತು. "ಗಾಡಿ ನಿಲ್ಸಿದ್ಯಲ್ಲ? ಮೊದ್ಲು ಉಸಿರು ಬಿಡು. ನೀನು ಸೀದಾ ಕೇಣಿಗೆ ಹೋಗು. ಪ್ರದೀಪ ಅಲ್ಲಿದ್ದ ಅಂದ್ರೆ ಮಂಜಗುಣಿಲಿ ಇಲ್ಲ ಅಂತಾಯ್ತಲ್ಲ. ಅವನನ್ನ ಮಾತಲ್ಲಿ ಹಿಡಿದು ಕೂರ್ಸು."

"ಮಂಜಗುಣಿಗೆ ಯಾರು ಹೋಗ್ತಾರೆ ಸರ್?"

"ನಾನು. ಈಗ ಇಳಿತದ ಹೊತ್ತು, ಮನೆಲಿ ಸಿಗೂದಿಲ್ಲ. ಮರಳ ತಿಟ್ಟಿಗೇ ಹೋಗಿ ಕರ್ಕೊಂಡು ಬರ್ತೆ. ನಾಲ್ಕು ದಿನ ನಮ್ಮನೆಲಿ ಇದ್ರಾಯ್ತು. ಯಾರಿಗೂ ಹೇಳಬೇಡ. ಇಂಥ ಮಾತು ಒಬ್ಬರ ಕಿವಿಗೆ ಬಿದ್ರೆ ಊರಿಗೇ ಬಿದ್ದ ಹಾಗೆ."

ಭಾರತಿಗೆ ಅಳು ಬರುವಷ್ಟು ಹಗುರವಾಯಿತು. ತನ್ನ ಭಾರವನ್ನು ಹೊರಲು ಇನ್ನೊಂದು ಹೆಗಲು ಸಿಕ್ಕಿತ್ತು. ಅವಳು ಸ್ಕೂಟರನ್ನು ಕೇಣಿಯ ಕಡೆಗೆ ತಿರುಗಿಸಿದಳು.

* * *

ಪ್ರದೀಪ ಅಲ್ಲಿಯೇ ಇದ್ದ.

ಕೇಣಿಯ ದಂಡೆಯಲ್ಲಿ, ತೆಂಗಿನ ಗರಿಯ ಚಪ್ಪರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಮಗುಚಿಟ್ಟ ದೋಣಿಗೆ ಇಬ್ಬರು ಆಳುಗಳು ಡಾಂಬರು ಬಳಿಯುವುದನ್ನು ನೋಡುತ್ತ ಕುಳಿತಿದ್ದ. ಒಣಮೀನಿನ ವಾಸನೆಗೆ ಕಾದ ಡಾಂಬರಿನ ವಾಸನೆ ಬೆರೆತು ಗಂಟಲು ಕಟ್ಟುವಂತಿತ್ತು.

"ಬಂತು ನೋಡು ರೇಡಿಯೋ," ಎಂದ ಪ್ರದೀಪ ಆಳುಗಳಿಗೆ. "ಎಲ್ಲಾ ಬಾಯಿ ಮುಚ್ಕಣಿ. ಕೆಮ್ಮಿದ್ರೂ ಶುಕ್ರವಾರ ಬರ್ತದೆ."

ಆಳುಗಳು ನಕ್ಕರು. ಭಾರತಿ ಸ್ಕೂಟರಿನ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡು ನಿಂತಳು.

"ಬಿಡುಗಡೆಯಾಗದ ಕಂತನ್ನು ನೀವು ಕೇಳಿದ್ದೀರಿ."

"ಬಿಡುಗಡೆ ಆದದ್ದನ್ನೇ ಕೇಳೂಕೆ ಆಗೂದಿಲ್ಲ ನಂಗೆ. ನಿನ್ನ ವೆಬ್‌ಸೈಟು ತೆರೆದ್ರೆ ನನ್ನ ಫೋನಲ್ಲಿ ಒಂದು ಚಕ್ರ ತಿರುಗ್ತದೆ, ಅಷ್ಟೇಯ. ಮನೇಲಿ ಹೆಂಡ್ತಿ ಕೇಳ್ತದೆ. ಊಟಕ್ಕೆ ಕೂತಾಗ ನಂಗೆ ವಿಚಾರಿಸ್ತದೆ, ಈ ವಾರ ಎಷ್ಟು ಜನರನ್ನ ಕೊಂದ್ರಿ ಅಂತ."

"ಇದು ನಗುವ ಮಾತಲ್ಲ."

"ಅಲ್ಲವೇ ಅಲ್ಲ." ಅವನು ಕುರ್ಚಿಯಿಂದೆದ್ದ. ಎತ್ತರದ ಆಳು. ನೆರಳು ಅವಳ ಮುಖದ ಮೇಲೆ ಬಿತ್ತು. "ನನ್ನ ಮಗಳ ಸಂಬಂಧ ತಪ್ಪಿ ಹೋಯ್ತು. ಕೊಲೆಗಾರನ ಮನೆ ಅಂತ. ನೀ ಹೆಸ್ರು ಹೇಳೂದಿಲ್ಲ, ಒಬ್ಬ ಗುತ್ತಿಗೆದಾರ ಅಂತ ಹೇಳ್ತೆ. ಇಡೀ ತಾಲೂಕಿಗೆ ಗೊತ್ತು ಯಾವ ಗುತ್ತಿಗೆದಾರ ಅಂತ."

ಭಾರತಿ ಒಂದು ಹೆಜ್ಜೆ ಹಿಂದೆ ಸರಿದಳು. ಡಾಂಬರಿನ ಕುಂಚ ನಿಂತಿತ್ತು. ಆಳುಗಳು ಈಗ ನಗುತ್ತಿರಲಿಲ್ಲ.

"ರಾಮನಾಥನಿಗೆ ನೀವು ಬೆದರಿಕೆ ಹಾಕಿದ್ದಿರಿ."

"ಹಾಕಿದ್ದೆ. ಅಂಕೋಲೆ ನಡುಪೇಟೆಲಿ, ಬಸ್‌ಸ್ಟ್ಯಾಂಡಿನ ಎದುರಿಗೆ, ಕಾಲು ಮುರೀತೆ ಅಂದಿದ್ದೆ. ಕೊಲ್ಲೂ ಮನಷ ಊರಿಗೆ ಡಂಗುರ ಹೊಡ್ದು ಹೋಗ್ತಾನಾ?"

"ಆ ನಸುಕಿನಲ್ಲಿ ನಿಮ್ಮ ದೋಣಿ ಅಲ್ಲಿತ್ತು. ಕಂಡವರಿದ್ದಾರೆ. ನಿಮ್ಮ ಹೆಸರು ಬಾಯಿಬಿಟ್ಟು ಹೇಳಲು ಹೆದರಿದರು, ಅಷ್ಟೆ."

ಮಾತು ಜಾರಿದ ಮೇಲೆ ಅವಳಿಗೆ ತಿಳಿಯಿತು.

ಪ್ರದೀಪ ಕಣ್ಣು ಕಿರಿದು ಮಾಡಿ ಸಮುದ್ರದ ಕಡೆಗೆ ನೋಡಿದ. ಅವನ ಮನಸ್ಸು ಲೆಕ್ಕ ಹಾಕುವುದು ಮುಖದ ಮೇಲೆಯೇ ಕಾಣುತ್ತಿತ್ತು. "ನಸುಕಲ್ಲಿ. ಅಳಿವೆ ಬಾಯಲ್ಲಿ," ಎಂದ ನಿಧಾನವಾಗಿ. "ಆ ಹೊತ್ತಿಗೆ ತಿಟ್ಟಿನ ಮೇಲೆ ಇರೂದು ಬೆಳಚಿನ ಚಿಪ್ಪು ಹೆಕ್ಕೂ ಹೆಂಗಸ್ರು. ಅಷ್ಟು ಬೇಗ ಒಬ್ಳೇ ಬರೂದು..." ಅವನು ತಿರುಗಿದ. "ನಾಗಿ."

ವೆಬ್‌ಸೈಟು ಮಾಡಿದ ದ್ರೋಹ ಸಾಲದೆಂಬಂತೆ ಭಾರತಿಯ ನಾಲಗೆಯೂ ಅದನ್ನೇ ಮಾಡಿತ್ತು.

ಪ್ರದೀಪ ಮಾತ್ರ ಮುಂದೆ ಬರಲಿಲ್ಲ. ಅವನ ಮುಖದ ಮೇಲೆ ಮೂಡಿದ್ದು ಸಿಟ್ಟಲ್ಲ, ಆಶ್ಚರ್ಯ.

"ನಾಗಿ ನನ್ನ ಹೆಸ್ರು ಹೇಳೂಕೆ ಹೆದರ್ತಾ? ನಾಗಿ?" ಅವನು ಆಳುಗಳ ಕಡೆ ನೋಡಿದ. "ಹೇಳ್ರೋ ಇವಳಿಗೆ. ದಿನಾ ಬೆಳಿಗ್ಗೆ ನಮ್ಮ ದೋಣಿ ಕಂಡ ಕೂಡ್ಲೆ ಆ ಮುದುಕಿ ಎಂತ ಕೂಗ್ತದೆ?"

ಆಳುಗಳಲ್ಲಿ ಹಿರಿಯವನು ಗಂಟಲು ಸರಿಮಾಡಿಕೊಂಡ. "'ಪ್ರದೀಪಾ, ನಿನ್ನ ಮನೆಗೆ ಮಣ್ಣು ಬೀಳ್ಲಿ, ಬೆಳಚಿನ ತಿಟ್ಟು ಬಾಚ್ಕಂಡು ಹೋದ್ಯಲ್ಲೋ' ಅಂತದೆ ಒಡೆಯ. ಮತ್ತೆ ನಿಮ್ಮಪ್ಪನ ಹೆಸ್ರು. ಮತ್ತೆ ಅಜ್ಜಂದು."

"ಕೇಳದ್ಯಾ?" ಎಂದ ಪ್ರದೀಪ. "ಮೂರು ತಲೆಮಾರು ಹೆಸ್ರು ಹಿಡ್ದು ಬೈತದೆ ನಂಗೆ. ಆಚೆ ದಂಡೆಗೆ ಕೇಳ್ತದೆ. ಆ ನಾಗಿ ಒಂದು ಹೆಸ್ರು ಹೇಳ್ಲಿಲ್ಲ ಅಂದ್ರೆ, ಅದು ನನ್ನ ಹೆಸ್ರಲ್ಲ."

ಭಾರತಿ ಇಷ್ಟು ವಾರ ಕಟ್ಟಿದ ಗೋಡೆಯ ಅಡಿಗಲ್ಲನ್ನು ಒಬ್ಬ ಡಾಂಬರು ಬಳಿಯುವವನ ಒಂದು ಮಾತು ಎಳೆದುಹಾಕಿತ್ತು.

"ಅವಳು ಕಂಡದ್ದು ಖರೆ ಆದ್ರೆ," ಎಂದ ಪ್ರದೀಪ ದನಿ ತಗ್ಗಿಸಿ, "ಆ ಕೇಳಿದವನಿಗೆ ಅದು ಗೊತ್ತಾದ್ರೆ, ನೀ ಇಲ್ಲಿ ನನ್ನ ಸಂಗಡ ಹೊತ್ತು ಕಳೆಯೂದು ಎಂತಕ್ಕೆ?"

ಅವನ ಕಣ್ಣಿನಲ್ಲಿಯೂ ಹೆದರಿಕೆ ಇತ್ತು. ಅದನ್ನು ಕಂಡು ಭಾರತಿಗೆ ಅವನ ಸಿಟ್ಟಿಗಿಂತ ಹೆಚ್ಚು ಭಯವಾಯಿತು.

* * *

ಮಂಜಗುಣಿಯಲ್ಲಿ ನಾಗಿಯ ಮನೆಯ ಅಂಗಳದಲ್ಲಿ ಹೊನ್ನು ಕುಕ್ಕರಗಾಲಲ್ಲಿ ಕುಳಿತು, ಬೆಳಚಿನ ಚಿಪ್ಪುಗಳನ್ನು ಬಿಡಿಸಿ ಮಾಂಸವನ್ನು ಬಟ್ಟಲಿಗೆ ಹಾಕುತ್ತಿದ್ದಳು.

"ಫೋನ್ ಯಾಕೆ ಬಂದ್ ಮಾಡಿದ್ದು?" ಎಂದಳು ಭಾರತಿ ಏದುಸಿರು ಬಿಡುತ್ತ.

"ನಾ ಮಾಡ್ಲಿಲ್ಲ ಅಕ್ಕ, ಕರೆಂಟು ಮಾಡದ್ದು. ಬೆಳಿಗ್ಗಿಂದ ಇಲ್ಲ. ಎಂತ ಆಯ್ತು? ಮುಖ ಬಿಳಿ ಹೊಡ್ದದೆ."

"ನಾಗಕ್ಕ ಎಲ್ಲಿ?"

"ತಿಟ್ಟಿನ ಮೇಲೆ. ಮತ್ತೆಲ್ಲಿ ಹೋಗ್ತದೆ ಅತ್ತೆ, ಸಿನೇಮಾಕ್ಕಾ?"

"ಯಾರಾದರೂ ಹುಡುಕಿಕೊಂಡು ಬಂದಿದ್ದರಾ?"

"ಯಾರೂ ಇಲ್ಲ. ಆಗ ಒಂದು ಬಿಳಿ ಕಾರು ಹೊಳೆ ಬದಿಗೆ ಹೋಯ್ತು."

ಎಂ.ಜಿ.ಯವರ ಕಾರು. ಭಾರತಿ ತುಳಸಿಕಟ್ಟೆಯನ್ನು ಹಿಡಿದುಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿದಳು. ಅವರು ತಲುಪಿದ್ದರು. ಕಣ್ಣು ತೆರೆದಾಗ ಹೊನ್ನು ಅವಳನ್ನೇ ನೋಡುತ್ತಿದ್ದಳು.

"ಹೊನ್ನು, ಆ ದಿನ ಅತ್ತೆ ಹೆಸರು ಹೇಳಲು ಯಾಕೆ ಹೆದರಿದರು? ನೀನು ಒಳಗೇ ಇದ್ದೆಯಲ್ಲ."

ಹೊನ್ನುವಿನ ಕೈಯ ಚಿಪ್ಪು ನಿಂತಿತು. "ಹೆದರೂದಾ? ಅತ್ತೆ ಯಾವಾಗ ಹೆದರ್ತು?"

"ಹೇಳಲಿಲ್ಲವಲ್ಲ."

"ಅಯ್ಯ ಅಕ್ಕ." ಹೊನ್ನು ನಕ್ಕಳು. "ನೀವು ಕಲ್ತವ್ರು ಅಂತ ಅತ್ತೆ ಸುಮ್ಮನಾಯ್ತು. ನಾ ಒಳಗೆ ಕೂತು ಕೇಳ್ತಿದ್ದೆ, ಈ ಅಕ್ಕ ಮತ್ತೆ ಮತ್ತೆ ಹೆದ್ರಿಕೆ ಹೆದ್ರಿಕೆ ಅಂತದೆ ಎಂತಕ್ಕೆ ಅಂತ. ಮಾವ ಸತ್ತು ಎಷ್ಟು ವರ್ಷ ಆಯ್ತು, ಅವ್ರ ಹೆಸ್ರು ಅತ್ತೆ ಬಾಯಲ್ಲಿ ಒಂದಿವ್ಸ ಬಂದದ್ದು ಇಲ್ಲ. ಅದೇ ಹೆಸ್ರಿನವ್ರು ಇನ್ಯಾರಾದ್ರೂ ಇದ್ರೆ ಅವ್ರನ್ನೂ ಕರೆಯೂದಿಲ್ಲ. ನಗ್ತದೆ. ಆ ನಗು ಕೇಳದ್ರೇ ನಮ್ಗೆ ಗೊತ್ತಾಗ್ತದೆ."

ಅಂಗಳದ ಬಿಸಿಲು ಒಮ್ಮೆಲೆ ಕಣ್ಣಿಗೆ ಚುಚ್ಚಿತು.

ಗಂಡನ ಹೆಸರು. ಕಾರವಾರದ ಮನೆಯಲ್ಲಿ ಭಾರತಿಯ ಅಜ್ಜಿಯೂ ತನ್ನ ಗಂಡನ ಹೆಸರನ್ನು ಎಂದೂ ಆಡಿದವಳಲ್ಲ. ಅದು ಗೊತ್ತಿದ್ದೂ ಅವಳಿಗೆ ಹೊಳೆದಿರಲಿಲ್ಲ. ಹೆದರಿಕೆಯನ್ನು ಹುಡುಕಿಕೊಂಡು ಹೋದವಳಿಗೆ ನಾಚಿಕೆ ಕಂಡಿರಲಿಲ್ಲ.

"ನಿನ್ನ ಮಾವನ ಹೆಸರೇನು?"

ಹೊನ್ನು ಸೆರಗನ್ನು ಬಾಯಿಗೆ ತಂದುಕೊಂಡಳು. "ನಂಗೆ ಮಾವ ಆಗ್ಬೇಕಲ್ಲ ಅವ್ರು. ನಾ ಹ್ಯಾಂಗೆ ಹೇಳೂದು?"

"ಹೊನ್ನು, ಇದು ಅತ್ತೆಯ ಜೀವದ ಪ್ರಶ್ನೆ."

ನಗು ಮಾಯವಾಯಿತು. ಹೊನ್ನು ಹೊಳೆಯಾಚೆಗೆ, ದಕ್ಷಿಣಕ್ಕೆ ಕೈ ತೋರಿಸಿದಳು. "ಗೋಕರ್ಣದ ಗುಡಿಲಿ ಕೂತವ್ರ ಹೆಸ್ರು."

ಮಹಾಬಲೇಶ್ವರ.

ಈ ಕರಾವಳಿಯಲ್ಲಿ ಓಣಿಗೊಬ್ಬ ಮಹಾಬಲೇಶ್ವರ. ಮಾಬ್ಲ ಎಂದೋ, ಮಾಬ್ಲಣ್ಣ ಎಂದೋ ಕರೆಸಿಕೊಂಡು ನೂರಾರು ಜನ ತಿರುಗಾಡುತ್ತಿದ್ದರು. "ಯಾವ ಮಹಾಬಲೇಶ್ವರ?"

"ಅದು ನಂಗೂ ಹೇಳ್ಲಿಲ್ಲ. ತಿಳ್ಕಂಡ್ರೆ ನಿಂಗೂ ಕೇಡು ಅಂತು."

ಭಾರತಿ ಓಡಿದಳು. ಓಡುತ್ತ ಬೂದು ಗೆರೆಯ ಆ ಗುಡ್ಡ ಅವಳ ಕಣ್ಣ ಮುಂದೆ ನಿಂತಿತ್ತು. ಆ ಮೂರನೆಯ ಕೇಳುಗ ಮತ್ತೆ ಮತ್ತೆ ಕೇಳಿದ್ದು ಮಾತನ್ನಲ್ಲ, ಆ ನಗುವನ್ನು. ನಗುವಿನ ಅರ್ಥ ಅವನಿಗೆ ತಿಳಿದಿತ್ತು. ನಾಗಿಯ ಗಂಡನ ಹೆಸರು ತಿಳಿದಿತ್ತು. ಅವನು ಈ ಮಣ್ಣಿನಲ್ಲೇ ಬೆಳೆದವನು.

* * *

ಗಾಳಿಮರಗಳ ಕೆಳಗೆ ಬಿಳಿ ಕಾರು ನಿಂತಿತ್ತು. ಒಳಗೆ ಯಾರೂ ಇರಲಿಲ್ಲ.

ಅಳಿವೆಯ ನಡುವೆ ಮರಳ ತಿಟ್ಟು ಆಮೆಯ ಬೆನ್ನಿನಂತೆ ಎದ್ದಿತ್ತು. ಉಳಿದ ಹೆಂಗಸರು ಬುಟ್ಟಿ ಹೊತ್ತು ಹೊರಟುಹೋಗಿದ್ದರು. ಬಾಗಿದ ಬೆನ್ನೊಂದು ಮಾತ್ರ ತಿಟ್ಟಿನ ತುದಿಯಲ್ಲಿ ಅಲ್ಲಾಡುತ್ತಿತ್ತು. ಭಾರತಿ ಚಪ್ಪಲಿ ಬಿಸಾಡಿ ನೀರಿಗಿಳಿದಳು. ದಂಡೆಯಿಂದ ತಿಟ್ಟಿಗೆ ದಾಟಲು ಒಂದೇ ಕಡೆ ನೀರು ತೆಳುವಾಗಿತ್ತು. ಎರಡೂ ಪಕ್ಕ ಮರಳು ತೆಗೆದ ಹೊಂಡಗಳು. ನೀರು ಮೊಣಕಾಲಿಗೆ ಬರುತ್ತಿತ್ತು.

"ನಾಗಕ್ಕ."

ನಾಗಿ ಬೆನ್ನು ನೆಟ್ಟಗೆ ಮಾಡಿದಳು. "ಈಗೆಂತಕ್ಕೆ ಬಂದೆ ತಂಗಿ? ನೀರು ಏರೂ ಹೊತ್ತಾಯ್ತು. ನಾನೇ ಹೊರಟೆ."

"ವಕೀಲರು ಬಂದರಾ ಇಲ್ಲಿಗೆ? ನಿಮ್ಮನ್ನು ಕರೆದುಕೊಂಡು ಹೋಗಲು?"

"ಯಾವ ವಕೀಲ್ರು? ಯಾರೂ ಬರ್ಲಿಲ್ಲ."

ಭಾರತಿ ದಂಡೆಯನ್ನು ನೋಡಿದಳು. ಕಾರು. ಮರಗಳು. ನೆರಳು.

"ನಾಗಕ್ಕ, ನೀವು ಕಂಡವರ ಹೆಸರು ಹೊನ್ನುವಿನ ಮಾವನ ಹೆಸರೇ ಅಲ್ಲವಾ?"

ನಾಗಿ ಸೆರಗನ್ನು ಬಾಯಿಗೆ ಹಿಡಿದಳು. ಅದೇ ನಗು. ಬಳೆಗಳ ಅದೇ ಸದ್ದು.

"ಈಗ ತಿಳೀತಾ ನಿಂಗೆ? ಆ ದಿವ್ಸವೇ ಗುರ್ತು ಹೇಳೂಕೆ ಬಾಯಿ ತೆಗೆದೆ. ನೀ ಸಾಕು ಸಾಕು ಅಂದೆ."

"ಈಗ ಹೇಳಿ. ಯಾರು?"

"ಗಜನಿ ಒಡೆಯರ ಸಣ್ಣ ಮಗ." ನಾಗಿ ದಂಡೆಯಾಚೆಯ ಉಪ್ಪುನೀರಿನ ಗದ್ದೆಗಳ ಕಡೆ ಗಲ್ಲ ಎತ್ತಿ ತೋರಿಸಿದಳು. "ಅವ್ರ ಗದ್ದೆಲೇ ನಮ್ಮನೆಯವ್ರು ದುಡ್ದದ್ದು. ಇಬ್ರದ್ದೂ ಒಂದೇ ಹೆಸ್ರು ಅಂತ ನಂಗೆ ಚಾಳಿಸ್ತಿತ್ತು ಆ ಹುಡ್ಗ, ಸಣ್ಣದಿದ್ದಾಗ. 'ನಾಗಿ, ನನ್ನ ಹೆಸ್ರು ಹಿಡ್ದು ಕರಿ ನೋಡ್ವ' ಅಂತ. ಈಗ ದೊಡ್ಡ ಮನಷ. ಕಾರವಾರದಲ್ಲಿ ಕರಿ ಕೋಟು ಹಾಕ್ಕಂಡು..."

ಮಾತು ಅಲ್ಲಿಗೇ ನಿಂತಿತು. ನಾಗಿಯ ಕಣ್ಣು ಭಾರತಿಯ ಹೆಗಲ ಮೇಲಿನಿಂದ ದಂಡೆಗೆ ಹೋಗಿತ್ತು. ಸೆರಗು ಬಾಯಿಯ ಮೇಲೆಯೇ ಇತ್ತು. ನಗು ಅದರ ಹಿಂದೆ ಸತ್ತುಹೋಗಿತ್ತು.

ಭಾರತಿ ತಿರುಗಿದಳು.

ನೀರು ತೆಳುವಾಗಿದ್ದ ಆ ಒಂದೇ ದಾರಿಯ ಕೊನೆಯಲ್ಲಿ, ಪ್ಯಾಂಟನ್ನು ಮೊಣಕಾಲ ತನಕ ಮಡಚಿಕೊಂಡು, ಎಂ.ಜಿ. ನಿಂತಿದ್ದ. ದಾಟಿ ಬರುವ ಅವಸರ ಅವನಿಗಿರಲಿಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ. ಏರುವ ನೀರೇ ಅವರಿಬ್ಬರನ್ನೂ ಅವನ ಬಳಿಗೆ ತಂದುಕೊಡುವುದಿತ್ತು.

ಎಂ. ಜಿ. ಆ ಮೊದಲ ಅಕ್ಷರದ ಹಿಂದೆ ಏನಿದೆ ಎಂದು ಅವಳು ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. ವೆಬ್‌ಸೈಟಿನ ಬುಡದಲ್ಲಿ ತನ್ನ ಕೈಯಾರೆ ಅದನ್ನು ಬರೆದು ಕೂರಿಸಿದ್ದಳು. ವಾರವಾರವೂ ತಾನೇ ಅವನಿಗೆ ವಿಳಾಸ ಕಳಿಸಿದ್ದಳು, ಕೊನೆಯ ಅಂಕೆಯೊಂದಿಗೆ. ಇಂದು ಫೋನಿನಲ್ಲಿ ಅವಳ ಬಾಯಿಂದ ಬಂದದ್ದು ಸಾಕ್ಷಿ ಎಂಬ ಮಾತು, ಮಂಜಗುಣಿ ಎಂಬ ಊರು. ಇಳಿತದ ಹೊತ್ತಿನ ಮಾತು, ತಿಟ್ಟಿನ ಮಾತು ಬಂದದ್ದು ಅವನ ಬಾಯಿಂದ.

"ತಂಗಿ," ಎಂದು ನಾಗಿ ಪಿಸುಗುಟ್ಟಿದಳು. ಅವಳ ಒದ್ದೆ ಕೈ ಭಾರತಿಯ ಮುಂಗೈಯನ್ನು ಹಿಡಿಯಿತು. "ಅವ್ರೇ."

ಭಾರತಿ ಇನ್ನೊಂದು ಕೈಯನ್ನು ಹೆಗಲ ಚೀಲದೊಳಕ್ಕೆ ಇಳಿಸಿದಳು. ಬೆರಳು ಫೋನನ್ನು ಹುಡುಕಿತು. ರೆಕಾರ್ಡ್ ಗುಂಡಿ ಎಲ್ಲಿದೆಯೆಂದು ಹೆಬ್ಬೆರಳಿಗೆ ಕಣ್ಣಿಲ್ಲದೆಯೂ ಗೊತ್ತಿತ್ತು. ಒತ್ತಿದಳು. ನಲವತ್ತೆರಡನ್ನು ತೆಗೆದುಹಾಕಿದ ಜಾಗದಲ್ಲಿ, ಮೀನುಪೇಟೆಯ ಹಿಂದಿನ ಮಾಳಿಗೆಯಲ್ಲಿ, ರೋಷನನ ಕಣ್ಣೆದುರಿಗೆ ಹೊಸ ಕರಡು ಏಳಬೇಕು. ನಾಗಿಯನ್ನು ಹಿಡಿದುಕೊಟ್ಟ ಬಾಗಿಲೇ ಈಗ ತೆರೆಯಬೇಕು.

"ಬಾರೆ ನಾಗಿ," ಎಂದು ಅವನು ಕರೆದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಹಳೆಯ ಊರಿನ ಸಲಿಗೆಯಿತ್ತು. "ನಿನ್ನ ಗಂಡನ ಹೆಸರಿನವ ಕರೀತೆ. ಹೆದರಬೇಡ, ಬಾ."

ದೂರದ ಸೇತುವೆಯ ಮೇಲೆ ಬಸ್ಸೊಂದು ಹಾದುಹೋಯಿತು. ಅಲ್ಲಿಗೆ ಯಾವ ಕೂಗೂ ಮುಟ್ಟುವಂತಿರಲಿಲ್ಲ. ತಿಟ್ಟಿನ ಅಂಚು ಕರಗುತ್ತ ನಾಗಿಯ ಬುಟ್ಟಿಯವರೆಗೆ ನೀರು ಬಂದಿತ್ತು.

"ಭಾರತಿ, ಚೀಲದಿಂದ ಕೈ ತೆಗಿ." ಅವನು ಒಂದು ಹೆಜ್ಜೆ ನೀರಿಗಿಳಿದ. "ಆ ಫೋನು ಇತ್ತ ಕೊಡು."

ಅವಳು ಕಣ್ಣನ್ನಷ್ಟೇ ಕೆಳಗಿಳಿಸಿ ಚೀಲದೊಳಗೆ ನೋಡಿದಳು. ಕತ್ತಲಲ್ಲಿ ಪರದೆ ಬೆಳಗುತ್ತಿತ್ತು. ನಲವತ್ತಮೂರು. ಅದರ ಕೆಳಗೆ, ಮಾತು ವೆಬ್‌ಸೈಟಿಗೆ ಏರುವುದನ್ನು ತೋರಿಸುವ ಗೆರೆ ಅರ್ಧಕ್ಕೆ ಬಂದು ನಿಂತಿತ್ತು.

ನೀರು ನಿಂತಿರಲಿಲ್ಲ.